ಗಜನಿ ಗದ್ದೆಗೆ ‘ಪಾಳು’ ಎಂದ ನಕ್ಷೆ: ಒಂದು ಪ್ರಕರಣ ಅಧ್ಯಯನ

ಕುಮಟಾ ತಾಲ್ಲೂಕಿನ ಒಂದು ಪದವಿ ಕಾಲೇಜಿನ ಐವರು ವಿದ್ಯಾರ್ಥಿಗಳು ಮಾಡಿದ ಕಿರುಯೋಜನೆಯ ಗೂಗಲ್ ಶೀಟ್‌ನಲ್ಲಿ ಒಂದು ಸಾಲು ಹೀಗಿತ್ತು. ‘ಉಪಗ್ರಹ ಚಿತ್ರದ ಪ್ರಕಾರ ಸ್ಥಿತಿ’ ಎಂಬ ಅಂಕಣದಲ್ಲಿ ‘ಪಾಳು, ನೀರು ನಿಂತಿದೆ’. ಅದೇ ಸಾಲಿನ ಬಲತುದಿಯಲ್ಲಿ, ‘ಸಂದರ್ಶನದ ಪ್ರಕಾರ ಬೆಳೆ’ ಎಂಬ ಅಂಕಣದಲ್ಲಿ ‘ಕಗ್ಗ, ಈ ವರ್ಷವೂ’ (ಕಗ್ಗ ಎಂದರೆ ಉಪ್ಪುನೀರಿನ ನೆಲದಲ್ಲಿ ಬೆಳೆಯುವ ಒಂದು ಭತ್ತ). ಎರಡೂ ಒಂದೇ ಗದ್ದೆಯ ವಿಷಯ. ನಡುವೆ ಹತ್ತಾರು ಅಂಕಣಗಳಿದ್ದುದರಿಂದ ಪರದೆಯ ಮೇಲೆ ಇವೆರಡೂ ಒಟ್ಟಿಗೆ ಕಾಣುತ್ತಿರಲಿಲ್ಲ. ವಾರಗಟ್ಟಲೆ ಯಾರ ಕಣ್ಣಿಗೂ ಬೀಳದೆ ಆ ಸಾಲು ಹಾಗೆಯೇ ಉಳಿದಿತ್ತು. ಅಂಥ ಸಾಲು ಅದೊಂದೇ ಆಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಯೋಜನೆ ನಡೆದದ್ದು 2023-24ರಲ್ಲಿ. ಕೊನೆಯ ಮೌಲ್ಯಮಾಪನಕ್ಕೆ ಹೊರಗಿನ ಅಧ್ಯಾಪಕನಾಗಿ ಹೋದ ನನಗೆ ವರದಿಯ ಜೊತೆ ಶೀಟು, ಧ್ವನಿಮುದ್ರಿಕೆಗಳು, ನಕ್ಷೆಯ ಹಳೆಯ ಪ್ರತಿಗಳು ಎಲ್ಲವೂ ಸಿಕ್ಕವು. ಬೈಂಡ್ ಆಗಿ ಬಂದ ವರದಿಗಿಂತ ಆ ಹಳೆಯ ಪ್ರತಿಗಳಲ್ಲೇ ಓದುವುದಕ್ಕೆ ಹೆಚ್ಚು ಇತ್ತು. ವಿದ್ಯಾರ್ಥಿಗಳ ಮತ್ತು ಅವರ ಮಾರ್ಗದರ್ಶಕಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕಾಲೇಜಿನ ಮತ್ತು ಜನರ ಹೆಸರುಗಳನ್ನು ಬಿಟ್ಟಿದ್ದೇನೆ.

ಗದ್ದೆ ಎಂಥದ್ದು

ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಗೆ ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಅಳಿವೆಯ ಎರಡೂ ದಡಗಳಲ್ಲಿ, ಭರತಿಯ (ಕಡಲಿನ ಉಬ್ಬರದ) ನೀರಿಗಿಂತ ತಗ್ಗಿನಲ್ಲಿರುವ ಭೂಮಿಯೇ ಗಜನಿ. ಒಡ್ಡು ಕಟ್ಟಿ, ಒಡ್ಡಿನಲ್ಲಿ ಹಲಗೆಯ ಬಾಗಿಲಿಟ್ಟು ಉಪ್ಪುನೀರನ್ನು ಬೇಕಾದಾಗ ತಡೆಯುತ್ತಾರೆ, ಬೇಕಾದಾಗ ಬಿಡುತ್ತಾರೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಬೀಜವನ್ನು ಎರಚುತ್ತಾರೆ. ಕಗ್ಗ ಎತ್ತರಕ್ಕೆ ಬೆಳೆಯುವ ಭತ್ತ. ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದ್ದರೂ ಕೊಳೆಯುವುದಿಲ್ಲ. ಕೊಯ್ಲಾದ ಮೇಲೆ ಬಾಗಿಲು ತೆರೆದು ಭರತಿಯ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಬರುತ್ತವೆ, ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತದೆ. ಮುಂದಿನ ಮಳೆಯವರೆಗೆ ಅದು ಮೀನಿನ ಗದ್ದೆ. ಕೇರಳದ ಪೊಕ್ಕಾಳಿ, ಗೋವಾದ ಖಜಾನ್ ಇದರದೇ ಬಳಗ.

ನಿಜಕ್ಕೂ ಪಾಳು ಬಿದ್ದ ಗಜನಿಗಳೂ ಇವೆ. ಎಪ್ಪತ್ತರ ದಶಕದಲ್ಲಿ ಸರ್ಕಾರ ಶಾಶ್ವತ ಒಡ್ಡುಗಳನ್ನು ಕಟ್ಟಿಸಿದ ಮೇಲೆ ಊರವರೇ ಸೇರಿ ಒಡ್ಡು ನೋಡಿಕೊಳ್ಳುವ ಪದ್ಧತಿ ಸಡಿಲವಾಯಿತು. ಆಮೇಲೆ ಸಿಗಡಿಯ ಹಣ ಬಂದಿತು, 1990ರ ದಶಕದ ನಡುವೆ ಸಿಗಡಿಗೆ ರೋಗವೂ ಬಂದಿತು. ಒಡೆದ ಒಡ್ಡನ್ನು ಕಟ್ಟುವವರಿಲ್ಲದೆ ಉಪ್ಪುನೀರು ವರ್ಷವಿಡೀ ನಿಂತ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಹಬ್ಬಿದೆ. ಹಾಗಾಗಿ ‘ಯಾವ ಗಜನಿಯಲ್ಲಿ ಈಗಲೂ ಕಗ್ಗ ಬೆಳೆಯುತ್ತಾರೆ, ಯಾವುದರಲ್ಲಿ ಬಿಟ್ಟಿದ್ದಾರೆ, ಏಕೆ’ ಎಂಬ ವಿದ್ಯಾರ್ಥಿಗಳ ಪ್ರಶ್ನೆ ಗಟ್ಟಿಯಾಗಿಯೇ ಇತ್ತು.

ಐದು ವಿಷಯ, ಒಂದು ಶೀಟು

ಕರ್ನಾಟಕವು 2021-22ರಿಂದ ಪದವಿಗೆ ತಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮುಕ್ತ ಐಚ್ಛಿಕ ವಿಷಯಗಳಿದ್ದವು, ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆಯೂ ಇತ್ತು. ಬೇರೆ ಬೇರೆ ವಿಭಾಗದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಸಂದರ್ಭ ಹೀಗೆ ಒದಗಿತು. (2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ.) ಈ ತಂಡದಲ್ಲಿದ್ದವರು ಭೂಗೋಳದ ಹುಡುಗ, ಕನ್ನಡ-ಇತಿಹಾಸದ ಹುಡುಗಿ, ಪ್ರಾಣಿಶಾಸ್ತ್ರದ ಹುಡುಗಿ, ಬಿ.ಕಾಂ.ನ ಹುಡುಗ, ಬಿಸಿಎ ಹುಡುಗಿ. ಮಾರ್ಗದರ್ಶಕಿ ಭೂಗೋಳದವರು.

ಉಪಕರಣಗಳೆಲ್ಲ ಉಚಿತವಾದವು. ಗದ್ದೆಯಲ್ಲಿ ಮಾಹಿತಿ ತುಂಬಲು ಎಪಿಕಲೆಕ್ಟ್5 ಎಂಬ ಆ್ಯಪ್. ಸಿಗ್ನಲ್ ಇಲ್ಲದ ಕಡೆಯೂ ತುಂಬಿಟ್ಟು ಮನೆಗೆ ಬಂದು ಕಳುಹಿಸಬಹುದು. ನಕ್ಷೆಗೆ ಕ್ಯೂಜಿಐಎಸ್ ಎಂಬ ತಂತ್ರಾಂಶ. ಚಿತ್ರಕ್ಕೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಸ್ಪಷ್ಟತೆಯ ಚಿತ್ರಗಳು. ಸರ್ವೆ ನಂಬರ್ ನೋಡಲು ದಿಶಾಂಕ್ ಆ್ಯಪ್. ಎಲ್ಲವೂ ಬಂದು ಸೇರುವುದು ಗೂಗಲ್ ಶೀಟ್‌ಗೆ.

ಮೊದಲ ತಿಂಗಳ ಎಡವಟ್ಟುಗಳು ಇಂಥ ಯೋಜನೆ ಮಾಡಿಸಿದ ಯಾವ ಅಧ್ಯಾಪಕರಿಗೂ ಹೊಸವಲ್ಲ. ಅಕ್ಷಾಂಶ-ರೇಖಾಂಶಗಳು ಅದಲುಬದಲಾಗಿ ಕುಮಟಾದ ಗದ್ದೆಗಳೆಲ್ಲ ನಾರ್ವೆಯ ಉತ್ತರದ ಕಡಲಿನಲ್ಲಿ ತೇಲಿದವು. ಶೀಟಿನಿಂದ ಇಳಿಸಿದ ಸಿಎಸ್‌ವಿ ಕಡತವನ್ನು ಲ್ಯಾಬಿನ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡವೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಯಿತು. ಡೇಟಾ ಪಟ್ಟಿಯಿಂದ ಆಮದು ಮಾಡಿ ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆರಿಸಿದರೆ ಸರಿಹೋಗುತ್ತದೆ ಎಂದು ಬಿಸಿಎ ಹುಡುಗಿ ತೋರಿಸಿದಳು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದ ಒಂದು ದಾಖಲೆಯನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿದ್ದು ಕನ್ನಡದ ಹುಡುಗಿ.

ಇವುಗಳಲ್ಲಿ ನಷ್ಟವಾದದ್ದು ಒಂದರಿಂದ ಮಾತ್ರ. ಮೊದಲ ಸುತ್ತಿನ ಫೋಟೋಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಮೊಬೈಲ್ ತುಂಬಿತೆಂದು ಮೂಲ ಚಿತ್ರಗಳನ್ನು ಅಳಿಸಿಬಿಟ್ಟಿದ್ದರು. ವಾಟ್ಸ್‌ಆ್ಯಪ್ ಫೋಟೋವನ್ನು ಕುಗ್ಗಿಸುವಾಗ ಅದರೊಳಗಿನ ಜಿಪಿಎಸ್ ಸ್ಥಾನವನ್ನೂ ಕಿತ್ತುಹಾಕುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದ್ದರೆ ಉಳಿಯುತ್ತಿತ್ತು. ಒಂದೇ ಬಗೆಯ ಒಡ್ಡು, ಒಂದೇ ಬಗೆಯ ನೀರು, ಹಿಂದೆ ಒಂದೇ ಬಗೆಯ ತೆಂಗಿನ ಸಾಲು ಇರುವ ಆ ಫೋಟೋಗಳಲ್ಲಿ ಯಾವುದು ಯಾವ ಗದ್ದೆ ಎಂದು ತೆಗೆದವರಿಗೂ ಹೇಳಲಾಗಲಿಲ್ಲ. ಮತ್ತೆ ಹೋಗಿ ತೆಗೆದರು.

ಲೆಕ್ಕ ತಾಳೆಯಾಗದ್ದು

ನಕ್ಷೆ ಮಾಡಿದ ಭೂಗೋಳದ ಹುಡುಗ ಸೋಮಾರಿಯಲ್ಲ. ಸಸ್ಯ ಸೂಚ್ಯಂಕ ಎಂಬ ಲೆಕ್ಕವನ್ನು ಪುಸ್ತಕದಲ್ಲಿದ್ದಂತೆಯೇ ಹಾಕಿದ್ದ: ಎಲೆ ಹೆಚ್ಚಾಗಿ ಚಿಮ್ಮಿಸುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಕೆಂಪು ಬೆಳಕನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಹಸಿರಿದ್ದ ಕಡೆ ಅಂಕಿ ಒಂದರ ಕಡೆಗೆ ಏರುತ್ತದೆ, ನೀರಿದ್ದ ಕಡೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮೋಡವಿಲ್ಲದ ಒಳ್ಳೆಯ ಚಿತ್ರಗಳನ್ನೇ ಆರಿಸಿದ್ದ. ಹಸಿರಿದ್ದುದಕ್ಕೆ ‘ಕಾಂಡ್ಲಾ ಅಥವಾ ಬೆಳೆ’, ನೀರು-ಕೆಸರು ಇದ್ದುದಕ್ಕೆ ‘ಪಾಳು’ ಎಂದು ಬಣ್ಣ ತುಂಬಿದ್ದ. ನಕ್ಷೆ ಚೆನ್ನಾಗಿ ಬಂದಿತ್ತು. ಕಾಲೇಜಿನ ಒಂದು ಕಾರ್ಯಕ್ರಮದಲ್ಲಿ ಅದನ್ನು ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡಿದ್ದರು.

ಗಂಟು ಸಿಕ್ಕಿದ್ದು ಬಿ.ಕಾಂ. ಹುಡುಗನಿಗೆ, ಅದೂ ಗದ್ದೆಯ ಬಗ್ಗೆ ಏನನ್ನೂ ಯೋಚಿಸದೆ. ಗುಂಟೆಗೆ ಎಷ್ಟು ಆದಾಯ ಎಂಬ ಲೆಕ್ಕ ಅವನ ಪಾಲಿಗಿತ್ತು. ಪಾಳು ಗದ್ದೆಗಳನ್ನು ಸೋಸಿ ಅವುಗಳ ಭತ್ತದ ಆದಾಯದ ಮೊತ್ತ ತೆಗೆದ. ಸೊನ್ನೆ ಬರಬೇಕಿತ್ತು, ಬರಲಿಲ್ಲ. ಸೂತ್ರ ತಪ್ಪಿರಬೇಕೆಂದು ಎರಡು ಬಾರಿ ಬರೆದು ನೋಡಿದ. ಆಮೇಲೆ ಗುಂಪಿನಲ್ಲಿ ಹಾಕಿದ ಸಂದೇಶ ಇಷ್ಟೇ: ‘ಪಾಳು ಗದ್ದೆಯಲ್ಲಿ ಭತ್ತ ಬೆಳೆದು ಮಾರಿದ್ದಾರೆ. ಯಾರದ್ದು ತಪ್ಪು?’ ಜಮಾ-ಖರ್ಚು ತಾಳೆ ನೋಡುವ ಈ ಅಭ್ಯಾಸ ವಿಜ್ಞಾನದ ಮಕ್ಕಳಲ್ಲಿ ನನಗೆ ಅಷ್ಟಾಗಿ ಕಂಡಿಲ್ಲ. ಅವರು ಒಂದೊಂದು ಅಂಕಿಯನ್ನು ಅನುಮಾನಿಸುತ್ತಾರೆ, ಇಡೀ ಪುಟವನ್ನು ಅನುಮಾನಿಸುವುದು ಕಡಿಮೆ.

ಮುಂದಿನ ಕೆಲವು ದಿನ ಜಗಳ. ಬೆಳೆ ವಿಮೆ, ಪರಿಹಾರದ ಆಸೆಗೆ ಜನ ಹಾಗೆ ಹೇಳಿರಬಹುದು ಎಂಬುದು ನಕ್ಷೆಯ ಹುಡುಗನ ವಾದ. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಮೊಬೈಲ್ ಹಿಡಿದು ಒಡ್ಡಿನ ಮೇಲೆ ನಿಂತವರನ್ನು ಕಂಡ ಕೂಡಲೇ ‘ಬೆಳೆ ಸಮೀಕ್ಷೆಯವರಾ?’ ಎಂದು ಕೇಳಿದವರಿದ್ದರು. ‘ಉಪಗ್ರಹಕ್ಕಾದರೆ ಪರಿಹಾರದ ಆಸೆಯಿಲ್ಲ’ ಎಂದು ಆತ ಬರೆದ ಮಾತಿಗೆ ಕನ್ನಡದ ಹುಡುಗಿ ಎರಡು ದಿನ ಉತ್ತರ ಕೊಡಲಿಲ್ಲ. ಕೊಟ್ಟಾಗ ಬರಹದಲ್ಲಿ ಕೊಡಲಿಲ್ಲ, ಧ್ವನಿಮುದ್ರಿಕೆಯ ಒಂದು ತುಣುಕನ್ನು ಹಾಕಿದಳು. ಅದನ್ನು ನಾನೂ ಕೇಳಿದ್ದೇನೆ. ಹಿಂದೆ ಕಾಗೆಗಳ ಸದ್ದು, ಎಲ್ಲೋ ದೋಣಿಯ ಎಂಜಿನ್ನು. ‘ಅಜ್ಜ, ಇದು ಯಾರ ಗದ್ದೆ? ಬಿಟ್ಟುಬಿಟ್ಟಿದ್ದಾರಾ?’ ಎಂದು ಕೇಳುತ್ತಾಳೆ. ‘ಬಿಡುವುದೇಕೆ ತಂಗಿ, ನನ್ನದೇ. ಈಗ ಇದು ಮೀನಿನ ಗದ್ದೆ. ಭತ್ತ ನೋಡಬೇಕು ಎಂದಿದ್ದರೆ ಚೌತಿ ಹಬ್ಬಕ್ಕೆ ಬರಬೇಕಿತ್ತು.’

ಇಡೀ ವಿಷಯ ಆ ಮಾತಿನಲ್ಲೇ ಇತ್ತು. ಆ್ಯಪಿನ ಪ್ರಶ್ನೆಗೆ ಮಾತ್ರ ಅದು ಹಿಡಿಸಲಿಲ್ಲ. ‘ಬೆಳೆ’ ಎಂಬಲ್ಲಿ ಆರಿಸಲು ಕಗ್ಗ, ಬೇರೆ ಭತ್ತ, ಬೆಳೆ ಇಲ್ಲ ಎಂಬ ಮೂರು ಉತ್ತರಗಳಿದ್ದವು. ಅವಳು ‘ಕಗ್ಗ’ ಒತ್ತಿ, ಟಿಪ್ಪಣಿಯಲ್ಲಿ ‘ಈ ವರ್ಷವೂ’ ಎಂದು ಬರೆದು ಮುಂದೆ ಹೋಗಿದ್ದಳು. ತಿಂಗಳು ಕೇಳುವ ಪ್ರಶ್ನೆ ಫಾರ್ಮಿನಲ್ಲಿ ಇರಲೇ ಇಲ್ಲ. ಪ್ರಾಣಿಶಾಸ್ತ್ರದ ಹುಡುಗಿಯ ಬೇರೆ ಫಾರ್ಮಿನಲ್ಲಿ ‘ಬಾಗಿಲು ತೆರೆಯುವ ತಿಂಗಳು’ ಎಂಬ ಅಂಕಣವಿತ್ತು. ಸಿಗಡಿ ಯಾವಾಗ ಹಿಡಿಯುತ್ತಾರೆ ಎಂದು ತಿಳಿಯಲು ಅವಳು ಸೇರಿಸಿಕೊಂಡಿದ್ದಳು. ಕೊಯ್ಲಾದ ಮೇಲೆ ನೀರು ಬಿಡುತ್ತಾರೆ ಎಂಬುದು ಅವಳಿಗೆ ಗೊತ್ತೇ ಇತ್ತು, ಅವಳ ಮನೆಯವರೇ ಮೀನಿನವರು. ‘ನಿಮಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿರಲಿಲ್ಲ’ ಎಂದು ಮೌಲ್ಯಮಾಪನದ ದಿನವೂ ಹೇಳಿದಳು.

ನಕ್ಷೆ ಏಕೆ ಹಾಗೆ ಬಂದಿತು ಎಂಬುದನ್ನು ಆಮೇಲೆ ಬಿಡಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಸೆಂಟಿನೆಲ್-2 ನೋಡುವುದು ಬೆಳಕಿನಲ್ಲಿ. ಮೋಡವನ್ನು ಅದು ಭೇದಿಸುವುದಿಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ತೆರೆಯುವ ದಿನ ಅಪರೂಪ, ಕಗ್ಗ ಬೆಳೆಯುವುದು ಆ ತಿಂಗಳುಗಳಲ್ಲೇ. ಮೋಡವಿಲ್ಲದ ಚಿತ್ರಗಳನ್ನು ಆರಿಸುವುದು ಎಂದರೆ, ಗೊತ್ತಿಲ್ಲದೆಯೇ, ಕೊಯ್ಲಾಗಿ ನೀರು ಬಿಟ್ಟ ಮೇಲಿನ ಚಿತ್ರಗಳನ್ನು ಆರಿಸುವುದು. ಚೆನ್ನಾಗಿ ಬೇಸಾಯ ನಡೆಯುವ ಗಜನಿ ಜನವರಿಯಲ್ಲಿ ನೀರಾಗಿಯೇ ಕಾಣಬೇಕು. ಬಿಟ್ಟುಹೋದ ಗಜನಿಯೂ ಹಾಗೆಯೇ ಕಾಣುತ್ತದೆ. ಇನ್ನೂ ವಿಚಿತ್ರವೆಂದರೆ, ಕಾಂಡ್ಲಾ ಹಬ್ಬಿ ನಿಜಕ್ಕೂ ಕೈಬಿಟ್ಟುಹೋದ ಕೆಲವು ಗದ್ದೆಗಳು ನಕ್ಷೆಯಲ್ಲಿ ಹಸಿರಾಗಿ, ಬೆಳೆಯ ಗುಂಪಿಗೆ ಸೇರಿಕೊಂಡಿದ್ದವು.

ಇದಕ್ಕೆ ಭರತಿಯ ತೊಡಕೂ ಸೇರಿತು. ಈ ಉಪಗ್ರಹ ನಮ್ಮ ಕರಾವಳಿಯ ಮೇಲೆ ಹಾಯುವುದು ಯಾವಾಗಲೂ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಒಂದು ಚಿತ್ರ ಹುಣ್ಣಿಮೆಯ ದಿನದ್ದು, ಇನ್ನೊಂದು ಅಷ್ಟಮಿಯದ್ದು ಆದರೆ ನೀರಿನ ಹರವೇ ಬೇರೆ. ವರದಿಯ ಮೊದಲ ಕರಡಿನಲ್ಲಿ ‘ಎರಡು ವರ್ಷಗಳಲ್ಲಿ ನೀರು ನಿಂತ ಪ್ರದೇಶ ಹೆಚ್ಚಿದೆ’ ಎಂಬ ಒಂದು ವಾಕ್ಯವಿತ್ತು. ಎರಡು ಚಿತ್ರಗಳ ತಿಥಿ ನೋಡಿದ ಮೇಲೆ ಅದನ್ನು ಹೊಡೆದುಹಾಕಿದರು. ನಾನಾಗಿದ್ದರೆ ಹೊಡೆದುಹಾಕಿದ ಆ ವಾಕ್ಯಕ್ಕೇ ಎರಡು ಅಂಕ ಹೆಚ್ಚು ಕೊಡುತ್ತಿದ್ದೆ.

ತಿದ್ದಿದ ಬಗೆ

ಮಾರ್ಗದರ್ಶಕಿ ಮಾಡಿದ ಒಳ್ಳೆಯ ಕೆಲಸವೆಂದರೆ ನಕ್ಷೆಯನ್ನು ಪಕ್ಕಕ್ಕಿಡಿಸಿ ಐವರನ್ನೂ ಶೀಟಿನ ಮೇಲುಸಾಲಿನ ಮುಂದೆ ಕೂರಿಸಿದ್ದು. ಒಂದು ಮಧ್ಯಾಹ್ನವೆಲ್ಲ ಅಂಕಣಗಳ ತಲೆಬರಹದ ಮೇಲೆಯೇ ಚರ್ಚೆ ನಡೆಯಿತು. ಒಂದು ಗದ್ದೆ ಎಂದರೆ ಎಷ್ಟು? ಸರ್ವೆ ನಂಬರಿನಷ್ಟೋ, ಒಂದು ಒಡ್ಡಿನೊಳಗಿನ ಎಲ್ಲವೋ? ಬಿ.ಕಾಂ. ಹುಡುಗನಿಗೆ ಗುಂಟೆ ಬೇಕು, ಏಕೆಂದರೆ 40 ಗುಂಟೆಗೆ ಎಕರೆ ಎಂಬ ಲೆಕ್ಕ ಸಲೀಸು. ಹಿರಿಯ ರೈತರು ಹೇಳಿದ್ದು ಇಷ್ಟು ಬೀಜ ಬೀಳುವ ಗದ್ದೆ ಎಂದು. ಮೀನಿನ ಪಾಲು ಒಡ್ಡಿನೊಳಗಿನ ಎಲ್ಲರಿಗೂ ಸೇರಿದ್ದರಿಂದ ಪ್ರಾಣಿಶಾಸ್ತ್ರಕ್ಕೆ ಒಡ್ಡೇ ಘಟಕವಾಗಬೇಕು. ಕೊನೆಗೆ ಎರಡು ಹಾಳೆ ಮಾಡಿದರು, ಒಂದು ಗದ್ದೆಗೆ, ಒಂದು ಒಡ್ಡಿಗೆ. ಎರಡನ್ನೂ ಜೋಡಿಸುವ ಒಂದು ಗುರುತಿನ ಸಂಖ್ಯೆಯನ್ನು ಬಿಸಿಎ ಹುಡುಗಿ ಸೇರಿಸಿದಳು.

‘ಸ್ಥಿತಿ’ ಎಂಬ ಅಂಕಣ ಹೋಯಿತು. ಅದರ ಜಾಗದಲ್ಲಿ ಕಾಲದ ಅಂಕಣಗಳು ಬಂದವು. ಅಲ್ಲಿಯೂ ಒಂದು ತೊಡಕು. ಫಾರ್ಮು ಕೇಳುವುದು ತಾರೀಕು, ಜನ ಹೇಳುವುದು ಮಳೆ: ಮೃಗಶಿರ ಹಿಡಿದ ಮೇಲೆ, ಆರಿದ್ರಾದೊಳಗೆ, ಆಶ್ಲೇಷದ ನೆರೆಯಲ್ಲಿ. ಕನ್ನಡದ ಹುಡುಗಿ ಪಂಚಾಂಗ ನೋಡಿ ಮಳೆನಕ್ಷತ್ರಗಳ ಒಂದು ಪಟ್ಟಿ ಮಾಡಿದಳು. ಮೃಗಶಿರ ಜೂನ್ 7-8ಕ್ಕೆ, ಆರಿದ್ರಾ 21-22ಕ್ಕೆ, ಹೀಗೆ ಒಂದೊಂದು ಮಳೆ ಹದಿಮೂರು-ಹದಿನಾಲ್ಕು ದಿನ. ಫಾರ್ಮಿನಲ್ಲಿ ಮಳೆಯ ಹೆಸರು ಆರಿಸಿದರೆ ಶೀಟು ತಾರೀಕನ್ನು ತಾನೇ ತುಂಬಿಕೊಳ್ಳುತ್ತದೆ. ನೋಡಲು ಸಣ್ಣ ಕೆಲಸ. ಇಡೀ ಯೋಜನೆಯಲ್ಲಿ ಬೇರೆಯವರು ಎತ್ತಿಕೊಂಡು ಬಳಸಬಹುದಾದ ವಸ್ತು ಒಂದಿದ್ದರೆ ಅದು ಈ ಪಟ್ಟಿ ಎಂದು ನನ್ನ ಅನಿಸಿಕೆ.

ಮಳೆಗಾಲದ ಚಿತ್ರಕ್ಕೆ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಮೊರೆಹೋದರು. ಅದು ತಾನೇ ಅಲೆ ಕಳುಹಿಸಿ ಮರಳಿ ಬಂದದ್ದನ್ನು ಅಳೆಯುತ್ತದೆ, ಮೋಡ ಅಡ್ಡಿಯಾಗುವುದಿಲ್ಲ. ಶಾಂತ ನೀರಿಗೆ ಬಿದ್ದ ಅಲೆ ಆಚೆಗೆ ಜಾರಿಹೋಗುವುದರಿಂದ ನೀರು ಕಪ್ಪಾಗಿ ಕಾಣುತ್ತದೆ. ಪೈರು ಎದ್ದಂತೆ ಮರಳುವ ಅಲೆ ಹೆಚ್ಚುತ್ತದೆ. ಹಾಗಾಗಿ ಕಗ್ಗದ ಗದ್ದೆ ಮಳೆ ಹಿಡಿದಾಗ ಕಪ್ಪಾಗಿ, ಆಮೇಲೆ ಬೆಳ್ಳಗಾಗಿ, ಕೊಯ್ಲಾಗಿ ನೀರು ಬಿಟ್ಟ ಮೇಲೆ ಮತ್ತೆ ಕಪ್ಪಾಗುತ್ತದೆ. ಕಾಂಡ್ಲಾ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಬರಿ ನೀರು ಕಪ್ಪಾಗಿಯೇ ಉಳಿಯುತ್ತದೆ. ಲ್ಯಾಬಿನ ಕಂಪ್ಯೂಟರುಗಳಿಗೆ ಈ ಭಾರದ ಕಡತಗಳನ್ನು ಎತ್ತುವ ಶಕ್ತಿ ಇರಲಿಲ್ಲ. ಬಿಸಿಎ ಹುಡುಗಿ, ಉಪಗ್ರಹ ಚಿತ್ರಗಳ ಲೆಕ್ಕವನ್ನು ಗೂಗಲ್‌ನ ಕಂಪ್ಯೂಟರುಗಳೇ ಮಾಡಿಕೊಡುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಜಾವಾಸ್ಕ್ರಿಪ್ಟ್ ಬರೆದು ಬ್ರೌಸರಿನಲ್ಲೇ ಮುಗಿಸಿದಳು. ಮೊದಲ ನಕ್ಷೆಯ ‘ಪಾಳು’ಗಳಲ್ಲಿ ಹಲವು ಈ ಏರಿಳಿತವನ್ನು ಸ್ಪಷ್ಟವಾಗಿ ತೋರಿಸಿದವು. ಅಜ್ಜನ ಗದ್ದೆಯೂ ಅವುಗಳಲ್ಲಿತ್ತು. ಜೊಂಡು ಬೆಳೆದ ಗದ್ದೆಗಳು ಮಾತ್ರ ಇಲ್ಲಿಯೂ ಭತ್ತದಂತೆಯೇ ನಟಿಸಿದವು. ಅವನ್ನು ಕಾಲ್ನಡಿಗೆಯಲ್ಲಿ ಹೋಗಿಯೇ ಬೇರ್ಪಡಿಸಬೇಕಾಯಿತು.

ಇಷ್ಟೆಲ್ಲ ಒಂದು ತರಗತಿಯ ಯೋಜನೆಗೆ ಬೇಕಿತ್ತೇ ಎಂದು ಮೌಲ್ಯಮಾಪನದ ಮೇಜಿನಲ್ಲಿ ಒಬ್ಬರು ಕೇಳಿದರು. ಅಘನಾಶಿನಿಯಲ್ಲಿ ಬೇಕು. ತದಡಿಯಲ್ಲಿ 4,000 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರದ ಪ್ರಸ್ತಾವ ಬಂದು ವಿರೋಧದಿಂದ ಹಿಂದೆ ಸರಿದಿದೆ, ಬಂದರಿನ ಮಾತು ಮತ್ತೆ ಮತ್ತೆ ಏಳುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಂಥ ಜಾಗದಲ್ಲಿ ಸರ್ವೆ ನಂಬರಿನ ಸಮೇತ ‘ಪಾಳು’ ಎಂದು ಬಣ್ಣ ಬಳಿದ ನಕ್ಷೆ ಯಾರ ಕೈಗೆ ಸಿಕ್ಕರೆ ಏನಾಗುತ್ತದೆಂದು ಹೇಳಲಾಗದು. ಆಗ ಶೀಟಿನ ಕೊಂಡಿ ‘ಕೊಂಡಿ ಇರುವ ಯಾರಾದರೂ ನೋಡಬಹುದು’ ಎಂಬ ಸ್ಥಿತಿಯಲ್ಲಿತ್ತು, ಮಾಲೀಕರ ಹೆಸರು ಮತ್ತು ಮೊಬೈಲ್ ಸಂಖ್ಯೆಯ ಸಮೇತ. ಅದನ್ನು ಮುಚ್ಚಿಸಿ, ಹೆಸರುಗಳನ್ನು ಬೇರೆ ಕಡತಕ್ಕೆ ತೆಗೆಸಿದ್ದು ಬಿ.ಕಾಂ. ಹುಡುಗನೇ.

ಅಂಕ ಯಾರಿಗೆ

ಮಾರ್ಗದರ್ಶಕಿಯೂ ನಾನೂ ಒಪ್ಪದೆ ಉಳಿದದ್ದು ಇಲ್ಲಿ. ಗೂಗಲ್ ಡಾಕ್ಸ್‌ನ ಆವೃತ್ತಿ ಇತಿಹಾಸ ನೋಡಿದರೆ ಯಾರು ಎಷ್ಟು ಬರೆದರು ಎಂದು ಬಣ್ಣಬಣ್ಣವಾಗಿ ತೋರಿಸುತ್ತದೆ. ಗುಂಪು ಯೋಜನೆಯಲ್ಲಿ ಒಬ್ಬರು ದುಡಿದು ನಾಲ್ವರು ಅಂಕ ಪಡೆಯುವ ಹಳೆಯ ರೋಗಕ್ಕೆ ಇದು ಮದ್ದು ಎಂಬುದು ಅವರ ನಂಬಿಕೆ. ಆ ಲೆಕ್ಕದಲ್ಲಿ ಬಿಸಿಎ ಹುಡುಗಿಯೂ ಭೂಗೋಳದ ಹುಡುಗನೂ ಬಹಳ ಮುಂದಿದ್ದರು, ಕನ್ನಡದ ಹುಡುಗಿ ಎಲ್ಲರಿಗಿಂತ ಹಿಂದೆ. ಅವಳು ಅಷ್ಟು ಹೊತ್ತು ಮನೆಗಳ ಜಗಲಿಯಲ್ಲಿ, ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರ ಜೊತೆ ಕೆಸರಿನಲ್ಲಿ ಇದ್ದಳು. ಧ್ವನಿಮುದ್ರಿಕೆಗಳನ್ನು ಕೈಬರಹದಲ್ಲಿ ಇಳಿಸಿಕೊಟ್ಟದ್ದನ್ನು ಬೇರೆಯವರು ಟೈಪಿಸಿದರು, ಆವೃತ್ತಿ ಇತಿಹಾಸದಲ್ಲಿ ಅದು ಟೈಪಿಸಿದವರ ಬಣ್ಣ. ಆ ಇತಿಹಾಸ ಕೀಲಿಮಣೆಯ ಮೇಲಿದ್ದ ಬೆರಳನ್ನು ಎಣಿಸುತ್ತದೆ, ಅಷ್ಟೇ. ಕೊನೆಗೆ ಮೌಖಿಕ ಪರೀಕ್ಷೆಯಲ್ಲಿ ಪ್ರತಿಯೊಬ್ಬರನ್ನೂ ಬೇರೆಯವರ ಅಂಕಣದ ಬಗ್ಗೆ ಕೇಳಿದೆವು. ಭೂಗೋಳದ ಹುಡುಗ ಸಿಗಡಿಯ ಬಗ್ಗೆ ಚೆನ್ನಾಗಿಯೇ ಹೇಳಿದ. ಬಿಸಿಎ ಹುಡುಗಿಗೆ ಕಗ್ಗದ ಕೊಯ್ಲು ಯಾವ ತಿಂಗಳು ಎಂಬುದು ನೆನಪಾಗಲಿಲ್ಲ, ಅದರ ರೇಡಾರ್ ರೇಖೆಯನ್ನು ಬರೆದವಳು ಅವಳೇ ಆಗಿದ್ದರೂ.

ವರದಿಯ ಪೀಠಿಕೆಯನ್ನು ಚಾಟ್‌ಬಾಟ್ ಬರೆದಿತ್ತು, ಕೇಳಿದಾಗ ಮುಚ್ಚಿಡಲಿಲ್ಲ. ಕನ್ನಡ ಸರಾಗವಾಗಿತ್ತು. ಅದರಲ್ಲಿ ಅಘನಾಶಿನಿ ಎಂಬುದನ್ನು ತೆಗೆದು ಶರಾವತಿ ಎಂದು ಹಾಕಿದರೂ ಬೇರೆ ಒಂದಕ್ಷರ ಬದಲಿಸಬೇಕಿರಲಿಲ್ಲ. ಲಿಂಗನಮಕ್ಕಿಯಿಂದ ವಿದ್ಯುತ್ತಿಗಾಗಿ ವರ್ಷವಿಡೀ ನೀರು ಇಳಿದುಬರುವ ಶರಾವತಿಯ ಅಳಿವೆಯಲ್ಲಿ ಉಪ್ಪಿನ ಏರಿಳಿತವೇ ಬೇರೆ, ಬಳಚಿನ ಪಾಡೂ ಬೇರೆ. ಅಣೆಕಟ್ಟಿಲ್ಲದ ಹೊಳೆ ಎಂಬ ಒಂದು ಮಾತೂ ಇಲ್ಲದ ಆ ಪೀಠಿಕೆಯನ್ನು ತೆಗೆಸಿ, ಅಜ್ಜನ ಗದ್ದೆಯಿಂದಲೇ ಶುರುಮಾಡಿ ಬರೆಯಲು ಹೇಳಿದೆವು. ಪ್ರಾಣಿಶಾಸ್ತ್ರದ ಹುಡುಗಿ ಒಂದೂವರೆ ಪುಟ ಬರೆದಳು. ಕಾಗುಣಿತದ ತಪ್ಪುಗಳಿದ್ದವು, ಹಾಗೆಯೇ ಬೈಂಡ್ ಆಯಿತು.

ಶೀಟು ಇದ್ದದ್ದು ಭೂಗೋಳದ ಹುಡುಗನ ಸ್ವಂತ ಜಿಮೇಲ್ ಖಾತೆಯಲ್ಲಿ. ಅವನು ಪದವಿ ಮುಗಿಸಿ ಹೋದರೆ ಅದೂ ಅವನ ಜೊತೆಗೇ ಹೋಗುತ್ತದೆ ಎಂಬುದು ಮೌಲ್ಯಮಾಪನದ ದಿನದವರೆಗೆ ಯಾರಿಗೂ ಹೊಳೆದಿರಲಿಲ್ಲ. ಈಗ ಅದರ ಪ್ರತಿ ವಿಭಾಗದ ಕಂಪ್ಯೂಟರಿನಲ್ಲಿದೆ. ಸರ್ವೆ ನಂಬರ್ ಇಲ್ಲದ ತಿದ್ದಿದ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಒಂದು ಒಡ್ಡಿನ ರೈತರಿಗೆ ಕೊಟ್ಟುಬಂದಿದ್ದಾರೆ. ಅವರು ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಗುರುತು ಹಾಕಿ ಮರಳಿಸಿದರು: ಎರಡು ಒಡ್ಡುಗಳ ಗಡಿ ತಪ್ಪಿದೆ, ಒಂದು ಗದ್ದೆಯ ಹೆಸರು ಪಕ್ಕದ ಗದ್ದೆಗೆ ಹೋಗಿದೆ, ಬಾಗಿಲು ಮುರಿದ ಜಾಗ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಇವನ್ನು ಶೀಟಿಗೆ ಏರಿಸುವುದು ಮುಂದಿನ ತಂಡದ ಮೊದಲ ಕೆಲಸವೆಂದು ಮಾರ್ಗದರ್ಶಕಿ ಬರೆದಿಟ್ಟಿದ್ದಾರೆ. ಆ ತಂಡ ಗದ್ದೆಗೆ ಇಳಿಯುವುದು ಚೌತಿಯ ಸುಮಾರಿಗೆ.